ಎರಡು ಕಡ್ಡಿ ಸಿಗುವ ಜಾಗ

ನಮ್ಮ ಮನೆಯ ಹಿಂದಿನ ಸೊಪ್ಪಿನ ಬೆಟ್ಟವನ್ನು ಹತ್ತು ನಿಮಿಷ ಹತ್ತಿದರೆ ಒಂದು ಗೇರುಮರ, ಅದರ ಬುಡದಲ್ಲಿ ಇಬ್ಬರು ಕೂರುವಷ್ಟು ಅಗಲದ ಜಂಬಿಟ್ಟಿಗೆ ಕಲ್ಲು. ಆ ಕಲ್ಲಿನ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂತರೆ ಮೊಬೈಲಿನಲ್ಲಿ ಎರಡು ಕಡ್ಡಿ ಬರುತ್ತದೆ. ನಾಲ್ಕು ಹೆಜ್ಜೆ ಆಚೆ ಸರಿದರೆ ಒಂದೂ ಇಲ್ಲ. ಊರಿನ ಹದಿನಾಲ್ಕು ಮನೆಯವರಿಗೂ ಈ ಜಾಗ ಗೊತ್ತು. ಮದುವೆಯ ಮಾತುಕತೆ, ಆಸ್ಪತ್ರೆಯ ಸುದ್ದಿ, ಅಡಿಕೆಯ ಧಾರಣೆ ಎಲ್ಲವೂ ಊರಿಗೆ ಇಳಿದು ಬರುವುದು ಈ ಕಲ್ಲಿನಿಂದಲೇ.

2020ರ ಮಳೆಗಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಅಣ್ಣ ಕಲ್ಲಿನ ಸುತ್ತ ನಾಲ್ಕು ಅಡಿಕೆ ಮರದ ಕಂಬ ನೆಟ್ಟು ಮೇಲೆ ನೀಲಿ ಟಾರ್ಪಾಲು ಬಿಗಿದ. ಅವನ ಮಗಳು ಆಗ ಎಂಟನೆಯ ತರಗತಿ. ಕಾಲಿಗೆ ಉಂಬಳ ಹತ್ತದಂತೆ ಸುಣ್ಣ, ಹೊಗೆಸೊಪ್ಪು ಕಲಸಿ ಹಚ್ಚಿಕೊಂಡು, ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬೆಳಿಗ್ಗೆಯೇ ಹೊರಡುತ್ತಿದ್ದಳು. ಒಬ್ಬಳನ್ನೇ ಕಳಿಸಲು ಅತ್ತಿಗೆಗೆ ಧೈರ್ಯವಿಲ್ಲ. ಕೊಟ್ಟಿಗೆಯ ಕೆಲಸ ಮುಗಿಸಿ ಕತ್ತಿ ಹಿಡಿದು ಜೊತೆಗೆ ಹೋಗಿ, ಪಾಠ ಮುಗಿಯುವವರೆಗೆ ಅಲ್ಲೇ ಸೊಪ್ಪು ಕೊಯ್ಯುತ್ತಿದ್ದರು. "ಮೇಷ್ಟರ ಮಾತು ಕೇಳುವಾಗ ಹಲಗೆ ಕಾಣುವುದಿಲ್ಲ ಚಿಕ್ಕಪ್ಪ, ಹಲಗೆ ಕಾಣುವಾಗ ಮಾತು ಕೇಳುವುದಿಲ್ಲ" ಎಂದು ಅವಳು ಒಂದು ದಿನ ಹೇಳಿದ್ದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಮರುವರ್ಷ ಸುಳ್ಯ ತಾಲ್ಲೂಕಿನಿಂದ ಒಂದು ಚಿತ್ರ ಬಂದಿತ್ತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿರುವ ಮಗಳ ತಲೆಯ ಮೇಲೆ ಅಪ್ಪ ಕೊಡೆ ಹಿಡಿದು ನಿಂತಿದ್ದ ಚಿತ್ರ. ನಾಡೆಲ್ಲ ಅದನ್ನು ನೋಡಿ ಮರುಗಿತು. ಅದೇ ಹೊತ್ತಿಗೆ ಮಲೆನಾಡಿನ ಹಲವು ಊರುಗಳಲ್ಲಿ "ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ" ಎಂಬ ಕೂಗೆದ್ದಿತ್ತು.

ನನ್ನ ಅಣ್ಣನ ಮಗಳು ಈಗ ಪದವಿ ಓದುತ್ತಿದ್ದಾಳೆ. ಟಾರ್ಪಾಲು ಹರಿದು ಎರಡು ಸಲ ಬದಲಾಗಿದೆ. ಕಲ್ಲು ಅಲ್ಲೇ ಇದೆ, ಎರಡು ಕಡ್ಡಿಯೂ ಅಷ್ಟೇ ಇದೆ.

ಇಷ್ಟು ವರ್ಷಗಳಲ್ಲಿ ಬದಲಾದದ್ದು ಬೇರೆ. ಮೊದಲು ಇಂಟರ್‌ನೆಟ್ ಇಲ್ಲದಿದ್ದರೆ ಇಲ್ಲ ಎಂದು ಬದುಕಬಹುದಿತ್ತು. ಈಗ ಹಾಗಿಲ್ಲ. ಪಡಿತರದ ಅಕ್ಕಿಗೆ ಹೆಬ್ಬೆಟ್ಟು ಒತ್ತಬೇಕು, ಒತ್ತಿದ ಹೆಬ್ಬೆಟ್ಟು ದೂರದ ಸರ್ವರಿಗೆ ಹೋಗಿ ಒಪ್ಪಿಗೆ ತರಬೇಕು. ನಮ್ಮ ಕಡೆಯ ನ್ಯಾಯಬೆಲೆ ಅಂಗಡಿಯಲ್ಲಿ ಸಿಗ್ನಲ್ ನಿಲ್ಲದ ಕಾರಣ ಒಂದು ದಿನ ಎಲ್ಲರನ್ನೂ ಏರುಜಾಗಕ್ಕೆ ಕರೆದು ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ, ಇನ್ನೊಂದು ದಿನ ಅಕ್ಕಿ ಅಳೆಯುತ್ತಾರೆ. ಕೂಲಿಗೆ ಹೋಗುವವರಿಗೆ ಅದು ಎರಡು ದಿನದ ಸಂಬಳ. ಉದ್ಯೋಗ ಖಾತರಿಯ ಕೆಲಸದಲ್ಲಿ 2023ರ ಜನವರಿ 1ರಿಂದ ಹಾಜರಿಯೂ ಮೊಬೈಲಿಗೆ ಹೋಯಿತು. ಕೆರೆಯ ಹೂಳು ಎತ್ತುವವರ ಫೋಟೊವನ್ನು ದಿನಕ್ಕೆ ಎರಡು ಸಲ, ಜಾಗದ ಗುರುತಿನ ಸಮೇತ, ಆ್ಯಪ್‌ಗೆ ಏರಿಸಬೇಕು. ಪಹಣಿ, ಬೆಳೆ ಸಮೀಕ್ಷೆ, ಗೃಹಲಕ್ಷ್ಮಿಯ ನೋಂದಣಿ, ವಿದ್ಯಾರ್ಥಿವೇತನ, ಎಲ್ಲದಕ್ಕೂ ಒಂದೇ ಬಾಗಿಲು. ಕಂಪ್ಯೂಟರ್ ಬಂದು ಪಹಣಿಗಾಗಿ ಶ್ಯಾನುಭೋಗರ ಕಾಲು ಹಿಡಿಯುವುದು ತಪ್ಪಿತು, ಅದು ದೊಡ್ಡ ಉಪಕಾರ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಒಂದೇ: ಸರ್ಕಾರ ತನ್ನ ಎಲ್ಲ ಬಾಗಿಲುಗಳನ್ನೂ ತಂತಿಯ ಆಚೆ ತುದಿಗೆ ಸಾಗಿಸಿದ ಮೇಲೆ, ತಂತಿಯ ಈಚೆ ತುದಿಯನ್ನು ಪ್ರತಿ ಮನೆಗೂ ತಲುಪಿಸುವುದು ಅದರ ಹೊಣೆ. ಅದು ಅನುಗ್ರಹವೂ ಅಲ್ಲ, ಮಾರುಕಟ್ಟೆಯ ಮರ್ಜಿಗೆ ಬಿಟ್ಟ ವಿಷಯವೂ ಅಲ್ಲ.

ಈ ಮಾತಿಗೆ ಬರಲು ನನಗೆ ಬಹಳ ಕಾಲ ಹಿಡಿಯಿತು. 2015ರಲ್ಲಿ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಆ ವರ್ಷದ ಮಾರ್ಚ್ ಕೊನೆಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 118 ಪುಟಗಳ ಒಂದು ಸಮಾಲೋಚನಾ ಪತ್ರ ಹೊರಡಿಸಿ ಇಪ್ಪತ್ತು ಪ್ರಶ್ನೆಗಳನ್ನು ಜನರ ಮುಂದಿಟ್ಟಿತು. ಪ್ರಶ್ನೆಗಳ ತಿರುಳು ಇಷ್ಟು: ನಾವು ದುಡ್ಡು ಕೊಟ್ಟು ಕೊಂಡ ಇಂಟರ್‌ನೆಟ್ಟಿನಲ್ಲಿ ಯಾವ ತಾಣ ಬೇಗ ತೆರೆಯಬೇಕು, ಯಾವುದಕ್ಕೆ ಹೆಚ್ಚು ದರ ಎಂದು ಕಂಪನಿ ನಿರ್ಧರಿಸಬಹುದೇ? ಅದಕ್ಕೂ ಮೊದಲು, 2014ರ ಡಿಸೆಂಬರಿನಲ್ಲಿ, ಏರ್‌ಟೆಲ್ ಇಂಟರ್‌ನೆಟ್ ಕರೆಗಳಿಗೆ ಬೇರೆ ದರ ಹಾಕುವುದಾಗಿ ಹೇಳಿ, ವಿರೋಧ ಬಂದ ಮೇಲೆ ಹಿಂದೆ ಸರಿದಿತ್ತು. 2015ರ ಫೆಬ್ರವರಿಯಲ್ಲಿ ಫೇಸ್‌ಬುಕ್ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ಆಯ್ದ ಕೆಲವು ತಾಣಗಳನ್ನು ಉಚಿತವಾಗಿ ಕೊಡುವ ಯೋಜನೆ ತಂದಿತು. ಮುಂದೆ ಅದಕ್ಕೆ ಫ್ರೀ ಬೇಸಿಕ್ಸ್ ಎಂಬ ಹೆಸರು ಬಂತು. ಆ ಬೇಸಿಗೆಯಲ್ಲಿ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಒಂದು ನನ್ನದು.

ನಾವು ಕೇಳಿದ್ದನ್ನು ಅಂತರ್ಜಾಲ ತಟಸ್ಥತೆ ಎಂದು ಕರೆಯುತ್ತಾರೆ. 2003ರಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ ಚಲಾವಣೆಗೆ ತಂದ ಮಾತು ಅದು. ಹೆಸರು ಹೊಸದಾದರೂ ವಿಚಾರ ನಮಗೆ ಹಳೆಯದು. ಅಂಚೆಯವನು ಕಾಗದವನ್ನು ಒಡೆದು ನೋಡಿ, ಇದು ಸಾಹುಕಾರರದು ಮೊದಲು ಹೋಗಲಿ, ಇದು ಬಡವನದು ನಾಳೆ ನೋಡೋಣ ಎನ್ನುವಂತಿಲ್ಲ ಎಂಬ ನಿಯಮವೇ ಅದು.

2016ರ ಫೆಬ್ರವರಿ 8ರಂದು, ಆರ್.ಎಸ್. ಶರ್ಮಾ ಅಧ್ಯಕ್ಷರಾಗಿದ್ದಾಗ, ಟ್ರಾಯ್ ಭೇದಭಾವದ ಡೇಟಾ ದರಗಳನ್ನು ನಿಷೇಧಿಸಿತು. ಮೀರಿದ ಕಂಪನಿಗೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ತುರ್ತು ಸೇವೆಗಳಿಗೆ ಮಾತ್ರ ವಿನಾಯಿತಿ. 2018ರಲ್ಲಿ ಪರವಾನಗಿಯ ಷರತ್ತುಗಳಿಗೇ ತಟಸ್ಥತೆಯ ನಿಯಮ ಸೇರಿತು. ಆ ದಿನ ಸಂತೋಷಪಟ್ಟಿದ್ದೆ, ಈಗಲೂ ಅದಕ್ಕೆ ಹೆಮ್ಮೆಪಡುತ್ತೇನೆ. ಇದೇ ನಿಯಮವನ್ನು ಅಮೆರಿಕ 2015ರಲ್ಲಿ ತಂದು, 2017ರ ಕೊನೆಯಲ್ಲಿ ತೆಗೆದು, 2024ರಲ್ಲಿ ಮತ್ತೆ ತಂದು, 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಕಳೆದುಕೊಂಡಿತು. ಅಲ್ಲಿ ಸರ್ಕಾರ ಬದಲಾದಂತೆ ಅಲುಗಾಡಿದ್ದು ಇಲ್ಲಿ ಗಟ್ಟಿಯಾಗಿ ನಿಂತಿದೆ.

ಆಗ ಫ್ರೀ ಬೇಸಿಕ್ಸ್ ಪರವಾಗಿದ್ದವರು ಕೇಳುತ್ತಿದ್ದ ಒಂದು ಪ್ರಶ್ನೆ ನನ್ನನ್ನು ಚುಚ್ಚುತ್ತಿತ್ತು: "ನಿಮಗೆ ಪೂರ್ತಿ ಊಟ ಸಿಗುತ್ತಿದೆ, ಹಸಿದವನ ಗಂಜಿ ಏಕೆ ಕಸಿಯುತ್ತೀರಿ?" ಊರಿನ ಆ ಕಲ್ಲು ಕಣ್ಣ ಮುಂದೆ ಬರುತ್ತಿತ್ತು. ಉತ್ತರ ತಡವಾಗಿ ಹೊಳೆಯಿತು. ಉಚಿತ ತಾಣಗಳ ಆ ಗಂಜಿಯೂ ನಮ್ಮೂರಿಗೆ ಬರುತ್ತಿರಲಿಲ್ಲ. ಟವರೇ ಇಲ್ಲದ ಕಡೆ ದರ ಸೊನ್ನೆಯಾದರೇನು, ನೂರಾದರೇನು? ಫೇಸ್‌ಬುಕ್ಕಿನವರೂ ನಮ್ಮೂರಿನ ಮಾತಾಡಿರಲಿಲ್ಲ, ಇಮೇಲ್ ಕಳಿಸಿದ ನಾವೂ ಆಡಿರಲಿಲ್ಲ. ದಾರಿಯಲ್ಲಿ ನಡೆಯುವವರ ನಡುವೆ ಭೇದ ಕೂಡದು ಎಂದು ಹತ್ತು ಲಕ್ಷ ಜನ ಬರೆದೆವು. ದಾರಿಯೇ ಇಲ್ಲದವರ ಬಗ್ಗೆ ಟ್ರಾಯ್ ಹಾಗೆ ಇಪ್ಪತ್ತು ಪ್ರಶ್ನೆ ಕೇಳಲಿಲ್ಲ, ನಾವೂ ಹಾಗೆ ಹಟ ಹಿಡಿದು ಬರೆಯಲಿಲ್ಲ.

ದಾರಿಯ ಯೋಜನೆ ಇರಲಿಲ್ಲವೆಂದಲ್ಲ. ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರಿನಲ್ಲಿ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಎರಡು ವರ್ಷದಲ್ಲಿ ಗಾಜಿನ ಎಳೆ ತಲುಪಿಸುವ ಲೆಕ್ಕ. ಮುಂದೆ ಅದು ಭಾರತ್‌ನೆಟ್ ಆಯಿತು. ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು ಈಗ 'ಸೇವೆಗೆ ಸಿದ್ಧ' ಎಂದು ಸರ್ಕಾರದ ಲೆಕ್ಕ ಹೇಳುತ್ತದೆ.

'ಸೇವೆಗೆ ಸಿದ್ಧ' ಎಂಬ ಆ ಎರಡು ಪದಗಳನ್ನು ಸ್ವಲ್ಪ ನಿಂತು ನೋಡಬೇಕು. ಎಳೆ ಪಂಚಾಯಿತಿ ಕಟ್ಟಡದವರೆಗೆ ಬಂದು, ಗೋಡೆಯ ಮೇಲೊಂದು ಪೆಟ್ಟಿಗೆ ಕೂತು, ಅದರ ದೀಪ ಒಮ್ಮೆ ಹಸಿರಾಗಿ ಉರಿದರೆ ಆ ಪಂಚಾಯಿತಿ ಸಿದ್ಧವಾದಂತೆ. ಮಲೆನಾಡಿನ ಒಂದು ಪಂಚಾಯಿತಿಯಲ್ಲಿ ಹತ್ತಾರು ಹಳ್ಳಿ, ಮಜರೆಗಳು ಗುಡ್ಡ, ಹಳ್ಳ, ತೋಟಗಳ ನಡುವೆ ಚದುರಿಕೊಂಡಿರುತ್ತವೆ. ಕಚೇರಿಯಿಂದ ನಮ್ಮ ಮನೆಗೆ ಒಂಬತ್ತು ಕಿಲೋಮೀಟರ್. ನಾನು ನೋಡಿದ ಪೆಟ್ಟಿಗೆಯೊಂದು ಸುಣ್ಣ ಬಳಿದ ಗೋಡೆಯ ಮೇಲೆ, ಮತದಾರರ ಪಟ್ಟಿ ತೂಗುಹಾಕಿದ ಮೊಳೆಯ ಪಕ್ಕದಲ್ಲಿತ್ತು. ಕೆಳಗಿನ ಬ್ಯಾಟರಿ ಉಬ್ಬಿ ಮುಚ್ಚಳ ಬಿರಿದಿತ್ತು. ಕರೆಂಟ್ ಇದ್ದಾಗ ದೀಪ ಉರಿಯುತ್ತದೆ, ಹೋದಾಗ ಆರುತ್ತದೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂಬುದು ಮಲೆನಾಡಿನವರಿಗೆ ಹೇಳಬೇಕಿಲ್ಲ. ರಸ್ತೆ ಅಗಲ ಮಾಡಲು ಬಂದ ಜೆಸಿಬಿಯ ಹಲ್ಲಿಗೆ ಎಳೆ ಸಿಕ್ಕಿ ತುಂಡಾದರೆ ಮತ್ತೆ ಜೋಡಿಸಲು ಎಷ್ಟು ದಿನ ಬೇಕು ಎಂದು ಯಾವ ಫಲಕದಲ್ಲೂ ಬರೆದಿರುವುದಿಲ್ಲ. ಯೋಜನೆಯ ಮೊದಲ ಹಂತದಲ್ಲಿ ಒಂದು ಪಂಚಾಯಿತಿಗೆ ಒಂದೇ ದಾರಿಯಲ್ಲಿ ಎಳೆ ಬರುತ್ತಿತ್ತು, ಅದು ಕಡಿದರೆ ಮುಗಿಯಿತು.

2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯಲ್ಲಿ ಈ ತಪ್ಪುಗಳಿಗೆ ಉತ್ತರವಿದೆ. 1.39 ಲಕ್ಷ ಕೋಟಿ ರೂಪಾಯಿಯ ಯೋಜನೆ ಅದು. ಎಳೆಗಳು ಬಳೆಯಂತೆ ಸುತ್ತು ಹಾಕಿ ಬರುತ್ತವೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಹರಿವು ಉಳಿಯುತ್ತದೆ. ಐದು ವರ್ಷದಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕದ ಗುರಿಯಿದೆ. ಸ್ಥಳೀಯ ಉದ್ಯಮಿಗಳು ಮನೆಗೆ ಎಳೆ ಎಳೆದು ಆದಾಯ ಹಂಚಿಕೊಳ್ಳುವ ಏರ್ಪಾಡಿದೆ. ಹನ್ನೆರಡು ವರ್ಷ ತಡವಾದರೂ 'ಮನೆ' ಎಂಬ ಪದ ಕಾಗದಕ್ಕೆ ಬಂತಲ್ಲ ಎಂದು ನನಗೆ ನಿಜವಾಗಿಯೂ ಸಮಾಧಾನವಾಯಿತು. ಆದರೆ ಯಾವ ಮನೆ, ಯಾವ ತಿಂಗಳು, ಬರದಿದ್ದರೆ ಯಾರನ್ನು ಕೇಳಬೇಕು? ಗುರಿಗೂ ಹಕ್ಕಿಗೂ ವ್ಯತ್ಯಾಸ ಇರುವುದು ಇಲ್ಲೇ.

ಹಣದ ಕೊರತೆ ಎಂದು ಮಾತ್ರ ಯಾರೂ ಹೇಳಬಾರದು. ನಾವು ಮಾಡಿಸುವ ಪ್ರತಿ ರೀಚಾರ್ಜಿನಲ್ಲಿ ಹಳ್ಳಿಗಳ ಪಾಲಿದೆ. 2002ರಿಂದ ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯಾದ ಒಟ್ಟು ಆದಾಯದ ಶೇ 5ರಷ್ಟನ್ನು ಸಾರ್ವತ್ರಿಕ ಸೇವಾ ನಿಧಿಗೆ ಕೊಡುತ್ತಿವೆ. ಲಾಭ ತರದ ಊರಿಗೂ ಸೇವೆ ಮುಟ್ಟಲಿ ಎಂದೇ ಹುಟ್ಟಿದ ನಿಧಿ ಅದು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದರ ಹೆಸರು ಡಿಜಿಟಲ್ ಭಾರತ್ ನಿಧಿ ಎಂದು ಬದಲಾಯಿತು. ಸಂಗ್ರಹವಾದಷ್ಟು ಹಣ ಆ ಉದ್ದೇಶಕ್ಕೆ ಖರ್ಚಾಗದೆ ಉಳಿದದ್ದು ವರ್ಷ ವರ್ಷ ಸಂಸತ್ತಿನಲ್ಲಿ ಪ್ರಶ್ನೆಯಾಗಿದೆ. ಬೆಟ್ಟ ಹತ್ತಿ ಮೊಬೈಲ್ ಹಿಡಿಯುವ ನನ್ನ ಅಣ್ಣನೂ ಆ ನಿಧಿಗೆ ಹಣ ಹಾಕಿದವನೇ. ತಾನು ಹಣ ಹಾಕಿದ ನಿಧಿಯಿಂದ ತನ್ನ ಮನೆಗೆ ಏನು ಬರಬೇಕು ಎಂದು ಕೇಳುವ ಅಧಿಕಾರ ಮಾತ್ರ ಅವನಿಗಿಲ್ಲ.

ಇದು ನಮ್ಮ ಸೀಮೆಗೆ ಹೊಸ ಅನುಭವವೂ ಅಲ್ಲ. ನಮ್ಮೂರು ಶರಾವತಿ ಹಿನ್ನೀರಿನ ಅಂಚಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ, ಹೊಸನಗರ ಸೀಮೆಯ ಊರು, ಗದ್ದೆ, ದೇವಸ್ಥಾನಗಳು ಮುಳುಗಿದವು. ಆ ನೀರಿನಿಂದ 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ತಿರುಗಿತು, ನಾಡಿಗೆಲ್ಲ ಬೆಳಕು ಹೋಯಿತು. ಬೆಳಕಿಗಾಗಿ ಮುಳುಗಿದವರ ಮನೆಗಳಲ್ಲಿ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ನನ್ನ ಅಜ್ಜಿ ತನ್ನ ತವರು ಮುಳುಗಿದ ದಿಕ್ಕಿಗೆ ಕೈ ತೋರಿಸಿ, "ಅಲ್ಲಿ ಬಾವಿಕಟ್ಟೆ, ಅಲ್ಲಿ ಕಣ" ಎಂದು ನೀರಿನ ಮೇಲೆ ಮನೆಯ ನಕ್ಷೆ ಬರೆಯುತ್ತಿದ್ದರು. ಆಚೆ ದಡದ ತುಮರಿಯ ಜನ ಆಸ್ಪತ್ರೆಗೆ ಬರಲೂ ಲಾಂಚಿಗೆ ಕಾಯುತ್ತಿದ್ದರು. ಆ ದಡವನ್ನು ಜೋಡಿಸುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನೀರು ನಿಂತು ಅರವತ್ತು ವರ್ಷ ದಾಟಿತ್ತು. ಹೀಗೆ ಕಾದವರಿಗೆ "ತಂತ್ರಜ್ಞಾನ ನಿಧಾನವಾಗಿ ಎಲ್ಲರಿಗೂ ತಲುಪುತ್ತದೆ" ಎಂದು ಯಾರಾದರೂ ಸಮಾಧಾನ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ತಾನಾಗಿಯೇ ಏನೂ ತಲುಪುವುದಿಲ್ಲ. ತಲುಪಿಸಲೇಬೇಕೆಂದು ಯಾರಾದರೂ ನಿಯಮ ಮಾಡಿದಾಗ ತಲುಪುತ್ತದೆ.

ಅಂಚೆಯನ್ನೇ ನೋಡಿ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಅಂಚೆ ಇತ್ತು, 1889ರಲ್ಲಿ ಅದು ಬ್ರಿಟಿಷರ ಅಂಚೆಯೊಂದಿಗೆ ಸೇರಿತು. ಆ ಬ್ರಿಟಿಷ್ ಅಂಚೆ 1854ರಲ್ಲೇ ಒಂದು ನಿಯಮ ಮಾಡಿತ್ತು: ಕಾಗದಕ್ಕೆ ದರ ಅದರ ತೂಕದ ಮೇಲೆ, ದೂರದ ಮೇಲಲ್ಲ. ಅರ್ಧ ಆಣೆಯ ಚೀಟಿ ಅಂಟಿಸಿದರೆ ಪಕ್ಕದ ಪೇಟೆಗೂ ಹೋಗುತ್ತದೆ, ಇನ್ನೊಂದು ಮೂಲೆಗೂ ಹೋಗುತ್ತದೆ. ಕಾಡಿನ ಒಂಟಿಮನೆಗೆ ಒಂದು ಕಾರ್ಡು ಮುಟ್ಟಿಸಲು ಅಂಚೆಯಣ್ಣ ಆರು ಮೈಲಿ ನಡೆದರೆ ಇಲಾಖೆಗೆ ನಷ್ಟವೇ. ಆದರೂ ನಡೆದರು. ನಮ್ಮೂರಿಗೆ ಸಂಜೆ ಬಂದು ಬೆಳಿಗ್ಗೆ ಹೊರಡುತ್ತಿದ್ದ ಹಾಲ್ಟಿಂಗ್ ಬಸ್ಸೂ ಹಾಗೆಯೇ. ಎಷ್ಟೋ ದಿನ ಐದೇ ಜನ ಇರುತ್ತಿದ್ದರು. ಡ್ರೈವರ್, ಕಂಡಕ್ಟರ್ ನಮ್ಮ ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದರು. ಆ ಬಸ್ಸಿಗೆ ಹತ್ತಿಯೇ ನಾನು ಕಾಲೇಜಿಗೆ ಹೋದದ್ದು. ಮಾರ್ಗ ಲಾಭ ತರುತ್ತದೆಯೇ ಎಂದು ಮಾತ್ರ ನೋಡಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ.

ಇಂಟರ್‌ನೆಟ್ಟಿಗೂ ಹಾಗೆ ನಿಯಮ ಮಾಡಿದ ದೇಶಗಳಿವೆ. 2010ರ ಜುಲೈ 1ರಿಂದ ಫಿನ್ಲೆಂಡಿನಲ್ಲಿ ಪ್ರತಿ ಕಾಯಂ ಮನೆಗೂ ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದ ಸಂಪರ್ಕ ಕಾನೂನಿನ ಹಕ್ಕಾಯಿತು, ಜಗತ್ತಿನಲ್ಲೇ ಮೊದಲು. ಬ್ರಿಟನ್ನಿನಲ್ಲಿ 2020ರ ಮಾರ್ಚಿನಿಂದ ಹತ್ತು ಮೆಗಾಬಿಟ್ ವೇಗವನ್ನು ಕೇಳಿ ಪಡೆಯುವ ಹಕ್ಕಿದೆ, ಅದಕ್ಕೆ ವೆಚ್ಚದ ಮಿತಿಯೂ ಇದೆ. ಮಿತಿ ಇರಲಿ, ಚರ್ಚೆ ಮಾಡೋಣ. ಎರಡೂ ಕಡೆ ಲೆಕ್ಕದ ಘಟಕ ಮನೆ ಎಂಬುದು ಮುಖ್ಯ. ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಎಂಬ ಪದದ ಅರ್ಥವೇ ತೆವಳಿಕೊಂಡು ಬಂದಿದೆ: 2004ರಲ್ಲಿ 256 ಕಿಲೋಬಿಟ್, 2013ರಲ್ಲಿ 512, 2023ರಲ್ಲಿ ಎರಡು ಮೆಗಾಬಿಟ್. ದರದ ವಿಷಯದಲ್ಲಿ ಟ್ರಾಯ್ ಬಹುಮಟ್ಟಿಗೆ ಕಂಪನಿಗಳಿಗೇ ಬಿಟ್ಟಿದೆ. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳೂ ಒಂದರ ಹಿಂದೆ ಒಂದು ದರ ಏರಿಸಿದಾಗ ಗ್ರಾಹಕರಿಗೆ ಹೆಚ್ಚು ದಾರಿ ಉಳಿದಿರಲಿಲ್ಲ.

ನ್ಯಾಯಾಲಯಗಳು ಸರ್ಕಾರಕ್ಕಿಂತ ಮುಂದೆ ನಡೆದಿವೆ. 2019ರಲ್ಲಿ, ಹಾಸ್ಟೆಲಿನಲ್ಲಿ ಸಂಜೆ ಮೊಬೈಲ್ ನಿರ್ಬಂಧಿಸಿದ್ದನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ, ಕೇರಳ ಹೈಕೋರ್ಟ್ ಇಂಟರ್‌ನೆಟ್ ಬಳಕೆಯನ್ನು ಶಿಕ್ಷಣದ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದಿತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ್ಯಸಿಡ್ ದಾಳಿಯಿಂದ ಕಣ್ಣಿಗೆ ಪೆಟ್ಟಾದ ಮಹಿಳೆಗೆ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದ ಕಾರಣ ಬ್ಯಾಂಕಿನ ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ನಿಂತುಹೋಗಿತ್ತು. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು ಪೀಠ ಹೇಳಿತು. ಆ ತೀರ್ಪನ್ನು ಓದುವಾಗ ನ್ಯಾಯಬೆಲೆ ಅಂಗಡಿಯ ಏರಿನಲ್ಲಿ ಹೆಬ್ಬೆಟ್ಟು ಒರೆಸಿಕೊಂಡು ನಾಲ್ಕನೇ ಸಲ ಒತ್ತುತ್ತಿದ್ದ ಅಮ್ಮನ ನೆನಪಾಯಿತು. ಯಂತ್ರ ಒಪ್ಪದಿದ್ದರೆ ತಪ್ಪು ತನ್ನ ಬೆರಳಿನದೇ ಎಂದು ಅಮ್ಮ ಅಂದುಕೊಂಡಿದ್ದರು.

ಕೊಡುವ ಹೊಣೆಯ ಬಗ್ಗೆ ಇಷ್ಟು ಮಾತಾಡಿದ ಮೇಲೆ ಕಡಿಯುವ ಅಧಿಕಾರವನ್ನು ಬಿಡುವಂತಿಲ್ಲ. 2019ರ ಆಗಸ್ಟಿನಿಂದ ಕಾಶ್ಮೀರದಲ್ಲಿ ಇಂಟರ್‌ನೆಟ್ ಕಡಿದು, 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಅದನ್ನು ಪ್ರಶ್ನಿಸಿ ಪತ್ರಕರ್ತೆ ಅನುರಾಧಾ ಭಾಸಿನ್ ಹೂಡಿದ ಪ್ರಕರಣದಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಅನಿರ್ದಿಷ್ಟ ಕಾಲದ ಸ್ಥಗಿತ ಸಲ್ಲದು, ಆದೇಶಗಳನ್ನು ಪ್ರಕಟಿಸಬೇಕು ಎಂದಿತು. 2019ರ ಡಿಸೆಂಬರಿನಲ್ಲಿ ಮಂಗಳೂರಿನವರೂ ಆ ಕತ್ತಲನ್ನು ಕಂಡರು. ಒಂದು ಸಹಿಯಿಂದ ಇಡೀ ಜಿಲ್ಲೆಯ ಸಂಪರ್ಕವನ್ನು ಒಂದು ತಾಸಿನಲ್ಲಿ ನಿಲ್ಲಿಸಬಲ್ಲ ಸರ್ಕಾರ, ಒಂದು ಮನೆಗೆ ಅದನ್ನು ಕೊಡಲು ತನ್ನಿಂದಾಗದು ಎನ್ನಬಾರದು.

ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳಲ್ಲಿ ನನಗೆ ಹಿಡಿಸಿದ ಒಂದು ಅಂಶವಿದೆ. ತಮ್ಮ ಸಿಗ್ನಲ್ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಕಳೆದ ಆಷಾಢದಲ್ಲಿ ಊರಿಗೆ ಹೋಗುವ ಮುನ್ನ ಒಂದು ಕಂಪನಿಯ ನಕ್ಷೆ ತೆರೆದು ನಮ್ಮ ಕಣಿವೆಯನ್ನು ಹುಡುಕಿದೆ. ತೋಟ, ಹಳ್ಳ, ನಮ್ಮ ಮನೆ, ಎಲ್ಲದರ ಮೇಲೂ ಬಣ್ಣ ಬಳಿದಿತ್ತು. ನಕ್ಷೆಯ ಪ್ರಕಾರ ನಮಗೆ 4ಜಿ ಇದೆ.

ಅಣ್ಣನ ಮಗಳೂ ನಾನೂ ಎರಡು ದಿನ ಹದಿನಾಲ್ಕು ಮನೆಗಳಿಗೂ ಹೋದೆವು. ಪ್ರತಿ ಮನೆಯ ಜಗಲಿಯಲ್ಲಿ, ಅಡಿಗೆಮನೆಯಲ್ಲಿ, ಅಂಗಳದಲ್ಲಿ ನಿಂತು ಎಷ್ಟು ಕಡ್ಡಿ, ಕರೆ ಹೋಗುತ್ತದೆಯೇ, ಒಂದು ಫೋಟೊ ಕಳಿಸಲು ಎಷ್ಟು ನಿಮಿಷ ಎಂದು ಅವಳು ನೂರು ಪುಟದ ನೋಟ್ ಪುಸ್ತಕದಲ್ಲಿ ಗೆರೆ ಎಳೆದು ಬರೆದಳು. ಮಳೆ ಬಿಡಲಿಲ್ಲ, ಅತ್ತಿಗೆ ಕೊಟ್ಟ ಕಂಬಳಿಕೊಪ್ಪೆಯ ಒಳಗೆ ಪುಸ್ತಕ ಬೆಚ್ಚಗಿತ್ತು. ಹದಿಮೂರು ಮನೆಗಳ ಮುಂದೆ ಸೊನ್ನೆ. ಒಂದು ಮನೆಯ ಅಟ್ಟದ ಕಿಟಕಿಯಲ್ಲಿ ಒಂದು ಕಡ್ಡಿ. ಪ್ರತಿ ಸಾಲಿನ ಮುಂದೆ ಮನೆಯವರ ಸಹಿ, ಸಹಿ ಬಾರದವರದು ಹೆಬ್ಬೆಟ್ಟು.

ಆ ಪುಟಗಳ ನಕಲು ಲಗತ್ತಿಸಿ ಮೂರು ಬೇಡಿಕೆಗಳ ಅರ್ಜಿ ಬರೆದೆವು: ನಕ್ಷೆ ತಿದ್ದಬೇಕು; ನಮ್ಮ ಮಜರೆಗೆ ಎಳೆ ಅಥವಾ ಟವರು ಬರುವ ದಿನಾಂಕ ತಿಳಿಸಬೇಕು; ಅದು ಬರುವವರೆಗೆ ಪಡಿತರಕ್ಕೂ ಕೂಲಿಯ ಹಾಜರಿಗೂ ಕಾಗದದ ದಾರಿ ತೆರೆದಿರಬೇಕು. ಗ್ರಾಮ ಸಭೆಯಲ್ಲಿ ಅಣ್ಣ ಅದನ್ನು ಎದ್ದು ನಿಂತು ಓದಿದ. ಅಭಿವೃದ್ಧಿ ಅಧಿಕಾರಿ ಪೂರ್ತಿ ಕೇಳಿಸಿಕೊಂಡು, ಪುಟಗಳನ್ನು ತಿರುವಿ ನೋಡಿ, ಠರಾವು ಪುಸ್ತಕದಲ್ಲಿ ಬರೆಸಿ, ನಮ್ಮ ಪ್ರತಿಯ ಮೇಲೆ ಮೊಹರು ಒತ್ತಿ ಕೊಟ್ಟರು. ಮೊಹರಿನ ಮಸಿ ಹಸಿಯಾಗಿತ್ತು. ಅಣ್ಣನ ಮಗಳು ಅದನ್ನು ಬಾಯಿಂದ ಊದಿ ಒಣಗಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ಟ್ರಾಯ್‌ಗೂ ದೂರಸಂಪರ್ಕ ಇಲಾಖೆಗೂ ಕಳಿಸಬೇಕಿತ್ತು. ಸಂಜೆ ಮಳೆ ಸ್ವಲ್ಪ ಹೊಳವಾದಾಗ ಇಬ್ಬರೂ ಬೆಟ್ಟ ಹತ್ತಿ ಆ ಕಲ್ಲಿನ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂತೆವು. ಒಂಬತ್ತು ಫೋಟೊ ಹೋಗಲು ಐವತ್ತು ನಿಮಿಷ ಹಿಡಿಯಿತು.